ನಿಮ್ಮ ಮಾತ್ರೆ ನೀವೇ ನುಂಗಿ

ಜೂನ್ ಹದಿನೇಳನೆಯ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂಚೆಯ ಚನ್ನಬಸಪ್ಪನವರು ನಮ್ಮ ಮೆಟ್ಟಿಲಿಗೆ ಸೈಕಲ್ ಒರಗಿಸಿ ವಿಶ್ವವಿದ್ಯಾಲಯದ ಲಕೋಟೆಯನ್ನು ನನ್ನ ಕೈಗಿಟ್ಟರು. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಎದುರು ಮನೆಯ ಅಜ್ಜನಿಗೆ ಮೊಣಕಾಲು ನೋವು. ಅವರ ಹತ್ತೂವರೆಯ ಮಾತ್ರೆಯನ್ನು ಆ ವಾರ ನಾನು ನುಂಗುತ್ತಿದ್ದೆ. ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು ಗಡಿಯಾರ ನೋಡುತ್ತಾ ಬಾಗಿಲಲ್ಲೇ ನಿಂತಿದ್ದೆ.

ಬಿ.ಫಾರ್ಮ್ ಪ್ರವೇಶದ ಸಂದರ್ಶನ ಜುಲೈ ನಾಲ್ಕು, ಶುಕ್ರವಾರ, ಹನ್ನೊಂದು ಗಂಟೆಗೆ ಎಂದು ಪತ್ರದಲ್ಲಿತ್ತು. ಸಂದರ್ಶನಕ್ಕೆ ಮೂವತ್ತು ಅಂಕ. ಹದಿನೆಂಟಕ್ಕಿಂತ ಕಡಿಮೆ ಬಂದರೆ ಪಿಯುಸಿಯಲ್ಲಿ ಎಷ್ಟೇ ಅಂಕವಿದ್ದರೂ ಸೀಟಿಲ್ಲ. ನನಗೆ ಕೆಮಿಸ್ಟ್ರಿಯಲ್ಲಿ ತೊಂಬತ್ತೇಳು ಬಂದಿತ್ತು. ಆದರೆ ನನಗಿಂತ ಮೊದಲು ನಮ್ಮ ಊರಿನಿಂದ ಅದೇ ಸಂದರ್ಶನಕ್ಕೆ ಹೋದ ಏಳು ಜನರಿಗೂ ತೊಂಬತ್ತರ ಮೇಲೆಯೇ ಬಂದಿತ್ತು. ಏಳು ಜನರೂ ಸಂಜೆಯ ಬಸ್ಸಿಗೆ ವಾಪಸು ಬಂದಿದ್ದರು.

ನಮ್ಮ ಊರಿನಲ್ಲಿ ಒಬ್ಬರ ಕಾಯಿಲೆಗೆ ಇನ್ನೊಬ್ಬರು ಔಷಧ ತೆಗೆದುಕೊಳ್ಳಬೇಕು. ಕಾಯಿಲೆಯವರ ಹೆಸರು ಹೇಳಿ ಮಾತ್ರೆ ಬಾಯಿಗೆ ಹಾಕಿಕೊಂಡರೆ ಕಹಿ, ತೇಗು, ತೂಕಡಿಕೆಯೆಲ್ಲ ನುಂಗಿದವರಿಗೆ. ಗುಣ ಮಾತ್ರ ಹೆಸರಿನವರಿಗೆ. ನಮ್ಮ ಮಾತ್ರೆಯನ್ನು ನಾವೇ ನುಂಗಿದರೆ ಬಾಯಿ ಕಹಿಯಾಗುತ್ತದೆ, ಅಷ್ಟೆ. ಊರಾಚೆಯ ಸೇತುವೆ ದಾಟಿದ ಮೇಲೆ ಹಾಗಲ್ಲವಂತೆ, ಅಲ್ಲಿ ಯಾರು ನುಂಗುತ್ತಾರೋ ಅವರಿಗೇ ಗುಣವಂತೆ ಎಂಬುದನ್ನು ನಾವು ಚಿಕ್ಕಂದಿನಲ್ಲಿ ಕೇಳಿ, ದೂರದ ದೇಶದವರು ಹಾವು ತಿನ್ನುತ್ತಾರಂತೆ ಎನ್ನುವ ಹಾಗೆ ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದೆವು.

ಹೀಗಾಗಿ ಸಂತೆಯಲ್ಲಿ ಯಾರಾದರೂ ಮಟಮಟ ಮಧ್ಯಾಹ್ನ ಆಕಳಿಸಿದರೆ ನಮ್ಮವರು ನಿದ್ದೆ ಆಗಲಿಲ್ಲವೇ ಎಂದು ಕೇಳುವುದಿಲ್ಲ, ಯಾರ ನೆಗಡಿ ಎಂದು ಕೇಳುತ್ತಾರೆ. ಹೆಣ್ಣು ಕೊಡುವವರು ಹುಡುಗನ ಕೆಲಸವನ್ನು ವಿಚಾರಿಸುವ ಮೊದಲು ದೊಡ್ಡ ಕ್ಯಾಪ್ಸೂಲನ್ನು ಮುಖ ಕಿವಿಚದೆ ನುಂಗುತ್ತಾನೆಯೇ ಎಂದು ವಿಚಾರಿಸುತ್ತಾರೆ. ಸೂಜಿ ಚುಚ್ಚಿಸಿಕೊಳ್ಳುವುದು ಅಪ್ಪಂದಿರು. ಪಕ್ಕದಲ್ಲಿ ಜ್ವರದ ಮಗು ಕೂತು ಕಿಸಕ್ಕೆಂದು ನಗುತ್ತದೆ. ಮೇಲಿನ ಬೀದಿಯ ಅಣ್ಣತಮ್ಮಂದಿರಿಬ್ಬರು ಹಂಚಿಕೆಯ ಗೋಡೆಯ ವಿಷಯಕ್ಕೆ ಹದಿನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದಾರೆ. ಆದರೂ ಸಂಜೆ ಏಳಕ್ಕೆ ತಮ್ಮ ಬೀದಿ ದಾಟಿ ಬಂದು, ಅಣ್ಣನ ಹೆಸರು ಹೇಳಿ ಬಿ.ಪಿ. ಮಾತ್ರೆ ನುಂಗಿ, ಲೋಟವನ್ನು ಕುಕ್ಕಿಟ್ಟು ಹೋಗುತ್ತಾನೆ. ಊರಿಗೆ ಇರುವುದೊಂದೇ ಔಷಧಿ ಅಂಗಡಿ, ಜುಬೇದಾ ಆಪಾ ಅವರದು. ಅವರು ಪ್ರತಿ ಪೊಟ್ಟಣದ ಮೇಲೂ ಎರಡು ಹೆಸರು ಬರೆಯುತ್ತಾರೆ. ಮೇಲೆ ಕಾಯಿಲೆಯವರದು, ಕೆಳಗೆ ನುಂಗುವವರದು. ಎರಡನೆಯ ಹೆಸರು ಹೇಳದಿದ್ದರೆ ಸಾಕ್ಷಾತ್ ಡಾಕ್ಟರೇ ಬಂದು ಕೇಳಿದರೂ ಔಷಧ ಕೊಡುವುದಿಲ್ಲ.

ಇಂಥ ಊರಿನಲ್ಲಿ ಅತ್ಯಂತ ಕೆಟ್ಟ ಬೈಗುಳ ಯಾವುದಿರಬಹುದೆಂದು ಊಹಿಸುವುದು ಕಷ್ಟವಲ್ಲ. "ನಿನ್ನ ಮಾತ್ರೆ ನೀನೇ ನುಂಗು." ಅಂದರೆ, ನಿನಗೆಂದು ಈ ಭೂಮಿಯ ಮೇಲೆ ಒಂದು ನರಪಿಳ್ಳೆಯೂ ಇಲ್ಲದಂತಾಗಲಿ. ಈ ಮಾತಿಗೆ ನಮ್ಮಲ್ಲಿ ಪಂಚಾಯಿತಿ ಸೇರಿದ್ದುಂಟು, ನಿಶ್ಚಿತಾರ್ಥ ಮುರಿದದ್ದುಂಟು.

ಸಂದರ್ಶನದಲ್ಲಿ ಹೇಳಬೇಕಾಗಿದ್ದದ್ದು ಇದೇ ಮಾತು. ಅಲ್ಲಿ ಯಾರೋ ಒಬ್ಬರು ರೋಗಿಯಾಗಿ ಕೂರುತ್ತಾರೆ. ನಾವು ಔಷಧಿ ಅಂಗಡಿಯವರಾಗಿ ನಾಲ್ಕು ಪ್ರಶ್ನೆ ಕೇಳಿ, ಪೊಟ್ಟಣ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕೆಂದು ವಿವರಿಸಬೇಕು. ನಮ್ಮ ಏಳು ಜನರೂ ಎಡವಿ ಬಿದ್ದದ್ದು ಈ ಹೊಸ್ತಿಲಲ್ಲೇ. ಗುರುಲಿಂಗ ಎಂಬಾತ ಎರಡನೆಯ ಹೆಸರು ಹೇಳದ ಹೊರತು ಪೊಟ್ಟಣ ಬಿಡುವುದಿಲ್ಲವೆಂದು ಪರೀಕ್ಷಕರ ಜೊತೆ ವಾದಕ್ಕೆ ನಿಂತ. ಕಾತ್ಯಾಯಿನಿ, ಜೊತೆಗೆ ಯಾರು ಬಂದಿದ್ದಾರೆಂದು ರೋಗಿಯನ್ನು ಕೇಳಿದಳು. ಯಾರೂ ಇಲ್ಲ ಎಂದಾಗ ಅಳುವುದಕ್ಕೇ ಶುರುಮಾಡಿದಳು. ಉಳಿದವರು ಎಲ್ಲ ಸರಿಯಾಗಿ ಹೇಳಿ, ಕೊನೆಗೆ ಆ ಒಂದು ವಾಕ್ಯ ಬಾಯಿಂದ ಹೊರಡದೆ ಕೈಮುಗಿದು ಎದ್ದು ಬಂದರು.

ನನ್ನನ್ನು ತಯಾರು ಮಾಡಲು ಒಪ್ಪಿದವರು ಫಣಿರಾಜ ಮೇಷ್ಟ್ರು. ಕೆಮಿಸ್ಟ್ರಿ ಲೆಕ್ಚರರ್ ಆಗಿ ನಿವೃತ್ತರಾದವರು. ಊರಿನಲ್ಲಿ ಸೇತುವೆಯ ಆಚೆ ಐದು ವರ್ಷ ವಾಸ ಮಾಡಿ ಎಂ.ಎಸ್‌ಸಿ. ಓದಿದವರು ಅವರೊಬ್ಬರೇ. ಅಲ್ಲಿನ ಹಾಸ್ಟೆಲಿನಲ್ಲಿ ಒಮ್ಮೆ ಜ್ವರ ಬಂದು, ತಲೆದೆಸೆಯಲ್ಲಿ ಮಾತ್ರೆ ಇಟ್ಟುಕೊಂಡು ಯಾರಾದರೂ ಬಂದು ನುಂಗಲಿ ಎಂದು ನಾಲ್ಕು ದಿನ ಮಲಗಿದ್ದರಂತೆ. ಐದನೆಯ ದಿನ ವಾರ್ಡನ್ ಬಂದು ಬೈದು ಬಾಯಿಗೆ ತುರುಕಿದ ಮೇಲೆ ವಿಷಯ ತಿಳಿಯಿತು. ಅದನ್ನು ಹೇಳುವಾಗ ಅವರಿಗೆ ಈಗಲೂ ಸಂಕೋಚ.

ಮೊದಲ ದಿನ ಅವರು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಕೂತಿದ್ದರು. ಔಷಧದ ಅರ್ಧಾಯುಷ್ಯ ಎಂದರೇನು, ಊಟದ ಮೊದಲು ಕೊಡುವುದಕ್ಕೂ ಆಮೇಲೆ ಕೊಡುವುದಕ್ಕೂ ಏನು ವ್ಯತ್ಯಾಸ, ಜ್ವರ ಬಿಟ್ಟ ಮೇಲೂ ಆಂಟಿಬಯೋಟಿಕ್ ಏಕೆ ಮುಗಿಸಬೇಕು. ಎಲ್ಲದಕ್ಕೂ ಉತ್ತರ ಹೇಳಿದೆ. ಈ ಕೋರ್ಸೇ ಏಕೆ ಎಂದು ಕೇಳಿದಾಗ ಜನಸೇವೆ ಎಂದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ನಿಜ ಹೇಳು ಎಂದರು. ನಿಜ ಏನೆಂದರೆ, ಅಪ್ಪ ಹೋದ ಮೇಲೆ ಅಮ್ಮನ ಥೈರಾಯ್ಡ್ ಮಾತ್ರೆ ನನ್ನ ಪಾಲಿಗೆ ಬಂತು. ಆಗ ನನಗೆ ಹನ್ನೆರಡು ವರ್ಷ. ದಿನಾ ಬೆಳಿಗ್ಗೆ ಆರಕ್ಕೆ ಬರೀ ಹೊಟ್ಟೆಯಲ್ಲಿ ಐವತ್ತು ಮೈಕ್ರೋಗ್ರಾಂ. ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ. ಆ ಅರ್ಧ ಗಂಟೆ ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತ ಅಮ್ಮನನ್ನೇ ನೋಡುತ್ತಿರುತ್ತಿದ್ದೆ. ಸಾಸಿವೆ ಕಾಳಿನ ಇಪ್ಪತ್ತರಲ್ಲಿ ಒಂದು ಪಾಲಿಲ್ಲದ ವಸ್ತು, ನನ್ನ ಗಂಟಲಲ್ಲಿ ಇಳಿದದ್ದು, ಅಮ್ಮನ ಕುತ್ತಿಗೆಯನ್ನು ಹೇಗೆ ಹುಡುಕಿಕೊಂಡು ಹೋಗುತ್ತದೆ? ಆರು ವರ್ಷ ಯೋಚಿಸಿದರೂ ಬಗೆಹರಿದಿರಲಿಲ್ಲ. ಓದಿದರೆ ತಿಳಿದೀತು ಎಂಬ ಆಸೆ, ಅಷ್ಟೆ. ಅದನ್ನೇ ಹೇಳು ಎಂದರು ಮೇಷ್ಟ್ರು. ಆಮೇಲೆ ನೋಟ್‌ಬುಕ್ಕು ಮುಚ್ಚಿದರು.

"ಉಳಿದದ್ದೆಲ್ಲ ನಿಂಗೆ ಬರುತ್ತೆ ವಾರಿಜಾ. ಆ ಒಂದು ಮಾತು ಬರಲ್ಲ. ಹದಿನೇಳು ದಿನ ಇದೆ, ಅದೊಂದನ್ನೇ ಮಾಡೋಣ."

ಅವರು ರೋಗಿಯಾಗಿ ಜಗಲಿಯ ಮೇಲೆ ಕೂತರು, ನಾನು ಎದುರಿಗೆ ನಿಂತೆ. 'ಇದನ್ನು' ಎಂಬಲ್ಲಿಯವರೆಗೆ ಬಂತು. 'ನೀವೇ' ಎಂಬುದು ಹೊರಡಲಿಲ್ಲ. ಅಪ್ಪನ ವಯಸ್ಸಿನ ಮನುಷ್ಯ. ನನಗೆ ಆವರ್ತ ಕೋಷ್ಟಕ ಕಲಿಸಿದವರು. ಅವರ ಮುಖ ನೋಡಿ ಹೇಗೆ ಹೇಳಲಿ? ಅವರು ಪ್ರತಿ ಪ್ರಯತ್ನವನ್ನೂ ಗುರುತು ಹಾಕಿಕೊಂಡರು. ಮೊದಲ ದಿನ ಇಪ್ಪತ್ತರಲ್ಲಿ ಸೊನ್ನೆ. ಎರಡನೆಯ ದಿನವೂ ಸೊನ್ನೆ. ಮೂರನೆಯ ದಿನ ಕಣ್ಣು ಮುಚ್ಚಿಕೊಂಡು ಹೇಳಿದ್ದು ಎರಡು ಸಲ. ಕಣ್ಣು ಮುಚ್ಚಿಕೊಂಡು ಔಷಧ ಕೊಡುವವರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲವೆಂದು ಅವೆರಡನ್ನೂ ಹೊಡೆದು ಹಾಕಿದರು.

ದಾರಿಯಲ್ಲಿ ನಡೆಯುವಾಗಲೂ ಗೊಣಗಿಕೊಳ್ಳುತ್ತಾ ಅಭ್ಯಾಸ ಮಾಡು ಎಂದು ಅವರೇ ಹೇಳಿದ್ದರು. ಅದೇ ಎಡವಟ್ಟಾಯಿತು. ಐದನೆಯ ದಿನ ಚನ್ನಬಸಪ್ಪನವರು ಸೈಕಲ್ ನಿಲ್ಲಿಸಿ, ಕೆಮ್ಮು ಹಿಡಿದಿದೆ, ಹೆಂಡತಿ ತವರಿಗೆ ಹೋಗಿದ್ದಾಳೆ, ಇವತ್ತಿನ ಮಟ್ಟಿಗೆ ಒಂದು ಮಾತ್ರೆ ನುಂಗಿಕೊಡುತ್ತೀಯಾ ಎಂದು ಕೇಳಿದರು. ನನ್ನ ಬಾಯಲ್ಲಿ ಅದೇ ಮಾತು ಉರುಳುತ್ತಿತ್ತು. ಇಪ್ಪತ್ತಕ್ಕೆ ಒಂದು ಸಲವೂ ಬಾರದಿದ್ದದ್ದು ಆಗ ಅಚ್ಚುಕಟ್ಟಾಗಿ, ಕಣ್ಣು ತೆರೆದುಕೊಂಡೇ ಬಂದುಬಿಟ್ಟಿತು. ಅವರು ಸೈಕಲ್ ತಿರುಗಿಸಿಕೊಂಡು ಹೋದರು. ನಾನು ಹಿಂದೆ ಓಡಿದೆ, ಸಿಗಲಿಲ್ಲ. ಎರಡು ದಿನ ನಮ್ಮ ಮನೆಯ ಕಾಗದಗಳು ಪಕ್ಕದ ಮನೆಗೆ ಬಂದವು.

ಮೇಷ್ಟ್ರು ಹೋಗಿ ಏನು ಹೇಳಿದರೋ ತಿಳಿಯದು. ಮೂರನೆಯ ದಿನ ಬೆಳಿಗ್ಗೆ ನಾನು ಜಗಲಿಗೆ ಹೋದಾಗ ಚನ್ನಬಸಪ್ಪನವರು ಆಗಲೇ ಕೂತಿದ್ದರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡಿದ್ದರು.

"ಬಯ್ಯಮ್ಮ, ನಂಗೇನೂ ಬೇಜಾರಿಲ್ಲ," ಎಂದರು. "ಕೆಮ್ಮಿಂದ ಶುರು ಮಾಡ್ಲಾ, ಜ್ವರದಿಂದಲಾ?"

ಅವರಿಂದ ಸುದ್ದಿ ಹಬ್ಬಿತು. ಆ ವಾರ ಫಣಿರಾಜ ಮೇಷ್ಟ್ರ ಜಗಲಿಯ ಮೇಲೆ ಬೈಸಿಕೊಳ್ಳುವವರ ಸಾಲೇ ಹತ್ತಿತು. ನಮ್ಮ ಊರಿನವರಿಗೆ ನಾಟಕ ಎಂದರೆ ಪ್ರಾಣ. ಒಬ್ಬರಿಗಿಂತ ಒಬ್ಬರು ಘೋರ ಕಾಯಿಲೆ ಹೊತ್ತು ತಂದರು. ಹಿಟ್ಟಿನ ಗಿರಣಿಯಾತ ಹೊಟ್ಟೆ ಹಿಡಿದುಕೊಂಡು ಜಗಲಿಯಿಂದ ಕೆಳಗೆ ಉರುಳಿ ತೋರಿಸಿದ. ಎದುರು ಮನೆಯ ಅಜ್ಜ ನಿಜವಾದ ಮೊಣಕಾಲು ನೋವನ್ನೇ ತಂದರು. ಸಲಹೆಗಳೂ ಬಂದವು. ತಲೆ ತಗ್ಗಿಸಿ ಹೇಳಬೇಡ, ತಪ್ಪು ಮಾಡಿದವಳ ಹಾಗೆ ಕಾಣುತ್ತೀಯ. ನಗಬೇಡ, ಅಣಕಿಸಿದ ಹಾಗಾಗುತ್ತದೆ. ಹೂ ಮಾರುವ ಸಾವಂತ್ರಮ್ಮ ಮಾತ್ರ, ಅಭ್ಯಾಸಕ್ಕೆಂದು ತಾನಾಗಿಯೇ ಬಂದವಳು, ನಾನು ಹೇಳಿ ಮುಗಿಸಿದ ತಕ್ಷಣ ಸಿಟ್ಟು ತಡೆಯಲಾರದೆ ನನ್ನ ಮೂರು ತಲೆಮಾರನ್ನು ಜಾಲಾಡಿ, ಆಮೇಲೆ ತಾನೇ ತಣ್ಣಗಾಗಿ, ಚೆನ್ನಾಗಿ ಹೇಳಿದೆ ಮಗಳೇ ಎಂದು ಒಂದು ಮೊಳ ಹೂ ಕೊಟ್ಟು ಹೋದಳು. ಜುಬೇದಾ ಆಪಾ ಅಂಗಡಿ ಮುಚ್ಚಿ ಬಂದು, ನಿಜವಾದ ಔಷಧಿ ಅಂಗಡಿಯಲ್ಲಿ ಕೈಯಾಡುವ ರೀತಿ ತೋರಿಸಿಕೊಟ್ಟರು. ಪೊಟ್ಟಣ ಕೊಡುವಾಗ ಹೆಬ್ಬೆರಳು ಹೆಸರಿನ ಮೇಲೆ ಬರಕೂಡದು, ರೋಗಿಗೆ ಹೆಸರು ಕಾಣಬೇಕು ಎಂದರು. ಜೂನ್ ಮೂವತ್ತರ ಸಂಜೆಗೆ ಮೇಷ್ಟ್ರ ಲೆಕ್ಕ ಇಪ್ಪತ್ತಕ್ಕೆ ಹದಿನೇಳಾಗಿತ್ತು.

ಅಮ್ಮ ಈ ಸಾಲಿನಲ್ಲಿ ಬಂದು ಕೂತಿರಲಿಲ್ಲ. ನಾನೂ ಕರೆದಿರಲಿಲ್ಲ. ಸೀಟು ಸಿಕ್ಕರೆ ನಾಲ್ಕು ವರ್ಷ ನಾನು ಸೇತುವೆಯ ಆಚೆ ಇರುತ್ತೇನೆ. ಅಲ್ಲಿ ನಾನು ನುಂಗಿದ್ದು ಅಮ್ಮನಿಗೆ ಮುಟ್ಟುವುದಿಲ್ಲ. ಈ ಮಾತನ್ನು ನಾವಿಬ್ಬರೂ ಎತ್ತಿರಲಿಲ್ಲ. ಮೂರನೆಯ ತಾರೀಕು ಮಧ್ಯಾಹ್ನ ನಾನು ಚೀಲಕ್ಕೆ ಅಂಕಪಟ್ಟಿ ತುಂಬುತ್ತಿದ್ದಾಗ ಅಮ್ಮ ಮೆಷಿನ್ ನಿಲ್ಲಿಸಿ, ಊರಿಗೆಲ್ಲ ಹೇಳಿದೆಯಂತೆ, ನನಗೆ ಯಾವಾಗ ಎಂದಳು. ಬೇಡಮ್ಮ ಎಂದೆ. ಊರವರಿಗೆ ಹೇಳುವುದು ಸುಲಭ, ಅಲ್ಲಿ ಕೂರುವವರಲ್ಲಿ ಯಾರಾದರೂ ನನ್ನ ಹಾಗೆ ಕಂಡರೆ ಏನು ಮಾಡುತ್ತೀ ಎಂದಳು. ಅದು ನಿಜವೇ. ಅಮ್ಮ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಅಳತೆಯ ಟೇಪು ಇನ್ನೂ ಕುತ್ತಿಗೆಯ ಮೇಲಿತ್ತು. ನಾನು ಬಾಯಿ ತೆರೆದೆ, ಮುಚ್ಚಿದೆ. ಮೂರನೆಯ ಸಲಕ್ಕೆ ಹೇಳಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಅಮ್ಮ ಸೂಜಿಗೆ ದಾರ ಪೋಣಿಸುತ್ತಾ, "ಇನ್ನೊಂದ್ ಸಲ ಹೇಳು. ಕೇಳಿಸಲಿಲ್ಲ," ಎಂದಳು.

"ಅಮ್ಮ, ನಿನ್ನ ಮಾತ್ರೆ ನೀನೇ ನುಂಗು."

"ಹಾಂ. ಈಗ ಸರಿಯಾಯ್ತು," ಎಂದಳು. ದಾರ ಮಾತ್ರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ಅದನ್ನು ನಾನೇ ತೆಗೆದುಕೊಂಡು ಪೋಣಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ಐದರ ಬಸ್ಸು. ಸೇತುವೆ ದಾಟುವಾಗ ಏನಾದರೂ ಆಗಬಹುದೆಂದು ನಾಡಿ ಹಿಡಿದುಕೊಂಡು ಕೂತಿದ್ದೆ. ಏನೂ ಆಗಲಿಲ್ಲ, ರಸ್ತೆಯ ಗುಂಡಿಗೆ ಇಳಿದು ಬಸ್ಸು ಒಮ್ಮೆ ಎತ್ತಿ ಹಾಕಿತು. ಹತ್ತು ಗಂಟೆ ನಲವತ್ತಕ್ಕೆ ವಿಭಾಗದ ಕಾರಿಡಾರಿನಲ್ಲಿದ್ದೆ. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಹೆಸರು ಕರೆದರು.

ಕೋಣೆಯಲ್ಲಿ ಇಬ್ಬರು ಪರೀಕ್ಷಕರಿದ್ದರು. ಒಬ್ಬರು ಮುಖ್ಯಸ್ಥೆ, ಮುಂದಿನ ಫಲಕದಲ್ಲಿ ಡಾ. ಮಂದಾಕಿನಿ ಎಂದಿತ್ತು. ಬಿಳಿ ಕೂದಲನ್ನು ಗಂಡಸರ ಹಾಗೆ ಮೋಟಾಗಿ ಕತ್ತರಿಸಿಕೊಂಡವರು. ಇನ್ನೊಬ್ಬರು ಪ್ರೊಫೆಸರ್ ಬಿದರಿ. ದಪ್ಪ ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು. ರೋಗಿಯ ಪಾತ್ರಕ್ಕೆ ಅಟೆಂಡರ್ ನಿಂಗಯ್ಯನವರನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಬೆಳಿಗ್ಗೆಯಿಂದ ಹತ್ತಾರು ಸಲ ಗಂಟಲು ನೋವೆಂದು ಹೇಳಿ ಹೇಳಿ ಅವರಿಗೆ ನಿಜವಾಗಿಯೂ ಗಂಟಲು ಕಟ್ಟಿತ್ತು. ಬಿದರಿಯವರು ನನ್ನ ಅರ್ಜಿ ನೋಡಿ, ಓಹೋ ಆ ಊರಾ ಎಂದು ಪೆನ್ನಿನ ಮುಚ್ಚಳ ತೆಗೆದು ಸಿದ್ಧರಾದರು.

ಈ ಕೋರ್ಸೇ ಏಕೆ ಎಂದು ಕೇಳಿದರು. ಮೈಕ್ರೋಗ್ರಾಮಿನ ಮಾತು ಹೇಳಿದೆ. ಆಮೇಲೆ ನಿಂಗಯ್ಯನವರ ಕಡೆ ತಿರುಗಿದೆ. ವಯಸ್ಸು ಕೇಳಿದೆ, ಬೇರೆ ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ, ಹಿಂದೆ ಯಾವುದಾದರೂ ಮಾತ್ರೆಗೆ ಮೈ ತುರಿಕೆ ಬಂದಿತ್ತೇ ಎಂದು ಕೇಳಿದೆ. ಮಾತ್ರೆಯ ಬದಲು ಪೆಪ್ಪರಮೆಂಟು ತುಂಬಿದ ಪೊಟ್ಟಣವನ್ನು ಹೆಬ್ಬೆರಳು ಹೆಸರಿನ ಮೇಲೆ ಬಾರದಂತೆ ಹಿಡಿದೆ. ತಲೆ ತಗ್ಗಿಸಲಿಲ್ಲ, ನಗಲಿಲ್ಲ. ಇದನ್ನು ನೀವೇ ನುಂಗಬೇಕು, ದಿನಕ್ಕೆ ಮೂರು ಸಲ, ಊಟ ಆದ ಮೇಲೆ, ನೋವು ಬಿಟ್ಟರೂ ಐದು ದಿನ ಪೂರ್ತಿ ಎಂದೆ. ಬಿದರಿಯವರು ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿದ್ದುದು ನಿಂಗಯ್ಯನವರಿಗೂ ಕೇಳಿಸಿರಬೇಕು. ಎಂಟನೆಯವಳು ನಾನು, ಆ ಹೊಸ್ತಿಲು ದಾಟಿದ್ದೆ.

ಆಗ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತನಾಲ್ಕು. ಡಾ. ಮಂದಾಕಿನಿ ಮೇಜಿನ ಡ್ರಾಯರ್ ಎಳೆದು, ಪಟ್ಟಿಯಿಂದ ಒಂದು ಮಾತ್ರೆಯನ್ನು ಒತ್ತಿ ಅಂಗೈಗೆ ಹಾಕಿಕೊಂಡರು, ಇನ್ನೊಂದು ಕೈಯಲ್ಲಿ ಲೋಟ ಎತ್ತಿದರು. ಅವರ ಎರಡು ಕೈಯೂ ನಡುಗುತ್ತಿದ್ದವು. ಲೋಟದ ನೀರು ಅಂಚಿನಿಂದ ತುಳುಕಿ ಕಾಗದದ ಮೇಲೆ ಬಿತ್ತು. ಅಂಗೈಯ ಮಾತ್ರೆ ಇನ್ನೇನು ಉರುಳಬೇಕು.

ಮುಂದಿನದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಊರು ಮಾಡಿತು ಎಂದರೆ ಸರಿ. ಮೂರು ಹೆಜ್ಜೆ ಮುಂದೆ ಹೋದೆ. ಅವರ ಅಂಗೈಯಿಂದ ಮಾತ್ರೆ ತೆಗೆದುಕೊಂಡೆ. ಫಲಕ ನೋಡಿ, ಮಂದಾಕಿನಿಯವರ ಹೆಸರಿನಲ್ಲಿ ಎಂದು ಹೇಳಿ ಬಾಯಿಗೆ ಹಾಕಿಕೊಂಡು, ಅವರದೇ ಲೋಟದ ನೀರು ಕುಡಿದೆ. ನುಂಗಿ, ಕೈ ನಡುಕ ನಿಲ್ಲಲಿ ಎಂದು ಅವರ ಕೈಯನ್ನೇ ನೋಡುತ್ತಾ ನಿಂತೆ. ಅದು ನಿಲ್ಲಲಿಲ್ಲ. ನಿಂಗಯ್ಯನವರು ಗಂಟಲು ನೋವು ಮರೆತು ಎದ್ದು ನಿಂತಿದ್ದರು. ಆಗ ನನಗೆ ಸೇತುವೆ ನೆನಪಾಯಿತು.

ಬಿದರಿಯವರು ಮೆಲ್ಲಗೆ ಪೆನ್ನು ಎತ್ತಿಕೊಂಡರು.

"ಹೆಸರು ನೋಡದೆ ನುಂಗೋಳು ನಾಳೆ ಹೆಸರು ನೋಡದೆ ಕೊಡ್ತಾಳೆ," ಎಂದರು. ಅವರು ಹೇಳಿದ್ದು ನನಗಲ್ಲ, ಡಾ. ಮಂದಾಕಿನಿಯವರಿಗೆ.

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಹದಿನೇಳು ದಿನ ಒಂದು ವಾಕ್ಯದ ಹಿಂದೆ ಬಿದ್ದು, ಅದಕ್ಕಿಂತ ಮೊದಲಿನ ಪಾಠವನ್ನೇ ಮರೆತಿದ್ದೆ. ಹಾಗೆಯೇ ಹೇಳಿದೆ. ಸರ್ ಹೇಳಿದ್ದು ನಿಜ, ನಾನು ನುಂಗಿದ್ದು ತಪ್ಪು, ಅದಕ್ಕಿಂತ ದೊಡ್ಡ ತಪ್ಪು ನೋಡದೆ ನುಂಗಿದ್ದು. ದಯವಿಟ್ಟು ಆ ಮಾತ್ರೆಯ ಪಟ್ಟಿ ಕೊಡಿ, ಈಗಲಾದರೂ ನೋಡುತ್ತೇನೆ ಎಂದೆ. ಡಾ. ಮಂದಾಕಿನಿ ಅದನ್ನು ಮೇಜಿನ ಮೇಲೆ ನನ್ನತ್ತ ನೂಕಿದರು. ಪ್ರೊಪ್ರನೊಲಾಲ್, ನಲವತ್ತು ಮಿಲಿಗ್ರಾಂ. ಅವಧಿ ಮುಗಿಯಲು ಹದಿನಾಲ್ಕು ತಿಂಗಳಿದೆ. ಗಟ್ಟಿಯಾಗಿ ಓದಿ, ಎದೆ ಬಡಿತ ಇಳಿಸುವ ಮಾತ್ರೆ, ಕೈ ನಡುಕಕ್ಕೂ ಕೊಡುತ್ತಾರೆ, ಉಬ್ಬಸ ಇರುವವರಿಗೆ ಕೊಡಬಾರದು, ನನಗೆ ಉಬ್ಬಸವಿಲ್ಲ ಎಂದೆ.

"ನೀನು ಹೇಳೋ ಮೊದಲೇ ನಾನು ಅದನ್ನ ಕೇಳಬೇಕಿತ್ತು," ಎಂದರು ಡಾ. ಮಂದಾಕಿನಿ. "ಎರಡು ಗಂಟೆ ಈ ಕೋಣೆ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ. ಆ ಮೂಲೆಯಲ್ಲಿ ಕೂತ್ಕೋ."

ಅವರು ಪಟ್ಟಿಯಿಂದ ಇನ್ನೊಂದು ಮಾತ್ರೆ ಒತ್ತಿ ತೆಗೆದರು. ಅಂಗೈ ಮತ್ತೆ ನಡುಗತೊಡಗಿತು. ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ನೋಡದಿರಲು ಗೋಡೆಯ ಕಡೆ ತಿರುಗಿದೆ, ಆಮೇಲೆ ಹಾಗೆ ತಿರುಗುವುದು ಸರಿಯಲ್ಲ ಎನಿಸಿ ಮತ್ತೆ ಅವರತ್ತ ತಿರುಗಿದೆ.

"ಮೇಡಂ, ನಿಮ್ಮ ಮಾತ್ರೆ ನೀವೇ ನುಂಗಿ," ಎಂದೆ. "ಲೋಟ ಮಾತ್ರ ನಾನು ಹಿಡ್ಕೋತೀನಿ."

ಆ ವಾಕ್ಯ ನನ್ನ ಬಾಯಿಂದ ಬೈಗುಳವಾಗಿಯೂ ಅಲ್ಲದೆ, ಪಾಠವಾಗಿಯೂ ಅಲ್ಲದೆ ಹೊರಟದ್ದು ಅದೇ ಮೊದಲು. ಅವರು ನನ್ನನ್ನು ಒಂದು ಕ್ಷಣ ನೋಡಿ, ಮಾತ್ರೆ ಬಾಯಿಗೆ ಹಾಕಿಕೊಂಡರು. ನಾನು ಹಿಡಿದ ಲೋಟದಿಂದ ನೀರು ಕುಡಿದರು. ಒಂದು ಹನಿಯೂ ಚೆಲ್ಲಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಕೂತೆ. ಬೇರೆ ಅಭ್ಯರ್ಥಿಗಳು ಬಂದರು, ಹೋದರು. ಅರ್ಧ ಗಂಟೆಗೊಮ್ಮೆ ನಿಂಗಯ್ಯನವರು ನನ್ನ ತೋಳಿಗೆ ಬಿ.ಪಿ. ಯಂತ್ರದ ಬಟ್ಟೆ ಸುತ್ತಿ ಗುಂಡಿ ಒತ್ತುತ್ತಿದ್ದರು, ಅದು ತೋರಿಸುವ ನಾಡಿಯ ಅಂಕೆಯನ್ನು ಡಾ. ಮಂದಾಕಿನಿ ಬರೆದುಕೊಳ್ಳುತ್ತಿದ್ದರು. ಹನ್ನೆರಡು ಗಂಟೆ ದಾಟಿದ ಮೇಲೆ ವಿಚಿತ್ರವೊಂದು ಶುರುವಾಯಿತು. ಆವತ್ತು ಬೆಳಿಗ್ಗೆಯಿಂದ, ನಿಜ ಹೇಳಬೇಕೆಂದರೆ ಜೂನ್ ಹದಿನೇಳರಿಂದ, ನನ್ನ ಎದೆಯೊಳಗೆ ಪಟಪಟ ಎನ್ನುತ್ತಿದ್ದದ್ದರ ಮೇಲೆ ಯಾರೋ ಅಂಗೈ ಇಟ್ಟ ಹಾಗಾಯಿತು. ಬೆರಳ ತುದಿಯ ಬೆವರು ಆರಿತು. ಹದಿನೆಂಟು ವರ್ಷದಲ್ಲಿ ಎಷ್ಟೋ ಜನರ ಔಷಧ ನುಂಗಿದ್ದೆ. ಯಾವೊಂದೂ ನನ್ನೊಳಗೆ ನಿಂತಿರಲಿಲ್ಲ. ಇದು ನಿಂತಿತು. ಕಹಿಯೂ ನನ್ನದೇ, ಗುಣವೂ ನನ್ನದೇ. ಅದರಲ್ಲಿ ಒಂದು ಹಿತವಿತ್ತು. ಸ್ವಲ್ಪ ಒಂಟಿತನವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಒಬ್ಬ ಅಭ್ಯರ್ಥಿ ಹೋಗಿ ಇನ್ನೊಬ್ಬರು ಬರುವ ನಡುವೆ ಡಾ. ಮಂದಾಕಿನಿ ನನ್ನತ್ತ ತಿರುಗಿ ಒಂದೊಂದೇ ಪ್ರಶ್ನೆ ಎಸೆಯುತ್ತಿದ್ದರು. ಈಗ ಏನನಿಸುತ್ತಿದೆ, ಎಷ್ಟು ಹೊತ್ತಿಗೆ ಶುರುವಾಯಿತು, ಇದರ ಅರ್ಧಾಯುಷ್ಯ ನಾಲ್ಕು ಗಂಟೆಯಾದರೆ ಸಂಜೆ ಏಳೂವರೆಗೆ ನಿನ್ನೊಳಗೆ ಎಷ್ಟುಳಿದಿರುತ್ತದೆ. ಹನ್ನೊಂದೂವರೆಯಿಂದ ಎಂಟು ಗಂಟೆ, ಎರಡು ಸಲ ಅರ್ಧ, ಹತ್ತು ಮಿಲಿಗ್ರಾಂ ಎಂದೆ; ಆಮೇಲೆ, ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲವಾದ್ದರಿಂದ ಅದಕ್ಕಿಂತ ಕಡಿಮೆಯೇ ಎಂದು ಸೇರಿಸಿದೆ. ಆ ಹೊತ್ತಿಗೆ ನಾನು ಯಾರ ಮುಂದೆ ಕೂತಿದ್ದೇನೆಂಬುದೇ ಮರೆತಿತ್ತು. ಊರಿನ ಬಗ್ಗೆ ಕೇಳಿದರು. ಮಾತು ಬಿಟ್ಟ ಅಣ್ಣತಮ್ಮಂದಿರ ಕಥೆ ಹೇಳಿದೆ, ಎರಡು ಹೆಸರಿನ ಪೊಟ್ಟಣದ ಕಥೆ ಹೇಳಿದೆ. ಮಾತ್ರೆ ಮರೆಯುವವರು ಎಷ್ಟು ಜನ ಎಂದು ಬಿದರಿಯವರು ತಟ್ಟನೆ ಕೇಳಿದರು. ಮರೆಯುವುದೆಂದರೆ ಹೇಗೆ ಎಂದು ನಾನೇ ತಿರುಗಿ ಕೇಳಿದೆ. ಇನ್ನೊಬ್ಬರದ್ದನ್ನು ಹೇಗೆ ಮರೆಯಲಿಕ್ಕಾಗುತ್ತದೆ? ಬಿದರಿಯವರು ಕನ್ನಡಕ ತೆಗೆದು ಒರೆಸಿದರು. ಇಲ್ಲಿ ಅರ್ಧಕ್ಕರ್ಧ ಜನ ಅರ್ಧಕ್ಕೇ ಬಿಡುತ್ತಾರೆ ಎಂದರು. ಅದು ಅವರು ನನ್ನ ಜೊತೆ ಆಡಿದ ಏಕೈಕ ಮೆತ್ತಗಿನ ಮಾತು.

ಊರಿಗೆ ಬಂದು ನಡೆದದ್ದನ್ನು ಹೇಳಿದಾಗ ಫಣಿರಾಜ ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ವಾಕ್ಯ ಹೇಳಿಸಿದೆ, ಕೈ ಕಟ್ಟಿಹಾಕುವುದನ್ನು ಮರೆತೆ ಎಂದು ಕೊರಗಿದರು. ಚನ್ನಬಸಪ್ಪನವರು ಮಾತ್ರ, ಪಾಪ ಆಯಮ್ಮನ ಕೈ ನಡುಗುತ್ತಿದ್ದರೆ ಹುಡುಗಿ ಇನ್ನೇನು ಮಾಡಬೇಕಿತ್ತು ಎಂದು ಬೀದಿಯೆಲ್ಲ ನನ್ನ ಪರ ವಾದಿಸಿದರು. ಜುಲೈ ಹದಿನಾಲ್ಕು, ಸೋಮವಾರ, ಅವರೇ ಲಕೋಟೆ ತಂದರು. ಒಡೆಯುವವರೆಗೆ ಸೈಕಲ್ ಹತ್ತಲಿಲ್ಲ. ಡಾ. ಮಂದಾಕಿನಿ ಹದಿನೈದಕ್ಕೆ ಹದಿನಾಲ್ಕು ಕೊಟ್ಟಿದ್ದರು, ಬಿದರಿಯವರು ಹದಿನೈದಕ್ಕೆ ಐದು. ಹತ್ತೊಂಬತ್ತು. ಸೀಟು ಸಿಕ್ಕಿತು.

ಅಮ್ಮನ ಮಾತ್ರೆಯನ್ನು ಜುಬೇದಾ ಆಪಾ ಕೇಳಿ ಪಡೆದುಕೊಂಡರು. ಬೆಳಗಿನ ನಮಾಜಿಗೆ ಹೇಗೂ ಏಳುತ್ತೇನೆ, ಬರೀ ಹೊಟ್ಟೆ ಇರುತ್ತದೆ, ರಂಜಾನ್ ತಿಂಗಳಲ್ಲಿ ನಸುಕಿನ ಸಹರಿ ಊಟಕ್ಕಿಂತ ಅರ್ಧ ಗಂಟೆ ಮೊದಲೇ ಎದ್ದರಾಯಿತು ಎಂದು ಲೆಕ್ಕ ಒಪ್ಪಿಸಿದರು. ಅಮ್ಮ ಪೊಟ್ಟಣದ ಮೇಲಿನ ನನ್ನ ಹೆಸರನ್ನು ತಾನೇ ಹೊಡೆದು ಹಾಕಿ, ಕೆಳಗೆ ಅವರ ಹೆಸರು ಬರೆದಳು. ಅಕ್ಷರ ಸ್ವಲ್ಪ ಸೊಟ್ಟಗಿತ್ತು, ಆದರೆ ಓದುವಂತಿತ್ತು.

ಎರಡನೆಯ ವರ್ಷದಲ್ಲಿ ವಿದ್ಯಾರ್ಥಿವೇತನದ ಅರ್ಜಿಗೆಂದು ಕಚೇರಿಯಲ್ಲಿ ನನ್ನ ಕಡತ ತೆಗೆಸಿದೆ. ಸಂದರ್ಶನದ ಹಾಳೆ ಅದರಲ್ಲೇ ಇತ್ತು, ಅಂಚಿನಲ್ಲಿ ನೀರು ಚೆಲ್ಲಿದ ಕಲೆಯ ಸಮೇತ. ಅಭ್ಯರ್ಥಿಯ ಬಗ್ಗೆ ಪರೀಕ್ಷಕರ ಅಭಿಪ್ರಾಯ ಎಂದು ಅಚ್ಚಾದ ಜಾಗದಲ್ಲಿ ಡಾ. ಮಂದಾಕಿನಿ ಒಂದು ಪದವನ್ನೂ ಬರೆದಿರಲಿಲ್ಲ. ನಡುಗುವ ಕೈಯಲ್ಲಿ ಶುರುವಾಗಿ ಕೆಳಗಿಳಿದಂತೆ ನೆಟ್ಟಗಾದ ಅಕ್ಷರಗಳಲ್ಲಿ ಬರೀ ನನ್ನ ನಾಡಿಯ ಲೆಕ್ಕ ಇತ್ತು. ಹನ್ನೊಂದೂವರೆಗೆ ನೂರಾ ಹದಿನೆಂಟು. ಹನ್ನೆರಡಕ್ಕೆ ತೊಂಬತ್ತಾರು. ಹನ್ನೆರಡೂವರೆಗೆ ಎಪ್ಪತ್ತೆಂಟು. ಒಂದು ಗಂಟೆಗೆ ಎಪ್ಪತ್ತು. ಮಧ್ಯಾಹ್ನ ಒಂದೂವರೆಗೆ, ನಿಮಿಷಕ್ಕೆ ಅರವತ್ತನಾಲ್ಕು.